ಕಾರವಾರದಿಂದ ಬೆಂಗಳೂರಿಗೆ ಹಸಿ ಮೀನು: ಬೈತಖೋಲ ದಾರಿಯ ಪ್ಯಾಕಿಂಗ್ ಅಂಗಡಿಯೊಂದರ ಸೇವೆ

ಕಾರವಾರದಲ್ಲಿ ಬೆಳಿಗ್ಗೆ ಕೊಂಡ ಮೀನನ್ನು ಮರುದಿನ ಬೆಳಿಗ್ಗೆ ಬೆಂಗಳೂರಿನ ಅಡುಗೆಮನೆಗೆ ಕೆಡದಂತೆ ಮುಟ್ಟಿಸುತ್ತೇವೆ ಎನ್ನುವ ಅಂಗಡಿಗಳು ಈಗ ಕರಾವಳಿಯಲ್ಲಿ ಹಲವಿವೆ. ಬೈತಖೋಲ ಬಂದರಿಗೆ ಹೋಗುವ ದಾರಿಯಲ್ಲಿರುವ ಅಂಥದೊಂದು ಸಣ್ಣ ಪ್ಯಾಕಿಂಗ್ ಅಂಗಡಿಯ ಮೂಲಕ ನಾನು ಬೇಸಿಗೆಯಲ್ಲೂ ಮಳೆಗಾಲದ ಕೊನೆಯಲ್ಲೂ ತಂಗಿಯ ಮನೆಗೆ ಮೀನು ಕಳಿಸಿದ್ದೇನೆ. ಈ ಅಂಗಡಿಯವರು ಮೀನು ಮಾರುವುದಿಲ್ಲ. ಗಿರಾಕಿಯೇ ಮಾರುಕಟ್ಟೆಯಲ್ಲಿ ಆರಿಸಿ ತಂದ ಮೀನನ್ನು ಶುಚಿಗೊಳಿಸಿ, ತಂಪು ಮಾಡಿ, ಡಬ್ಬಿಗೆ ತುಂಬಿ, ರಾತ್ರಿ ಬಸ್ಸಿಗೆ ಹಾಕಿಕೊಡುವುದಷ್ಟೇ ಅವರ ಕೆಲಸ. ಆ ಕೆಲಸವನ್ನು ಅವರು ಅರಿತು ಮಾಡುತ್ತಾರೆ. ಅದಕ್ಕಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಗಮನ ಸೆಳೆದದ್ದು, ತಂದ ಮೀನನ್ನು ನೇರವಾಗಿ ಡಬ್ಬಿಗೆ ತುಂಬಲು ಅವರು ಒಪ್ಪದಿರುವುದು. ಪುಡಿ ಮಾಡಿದ ಮಂಜುಗಡ್ಡೆಯನ್ನೂ ನೀರನ್ನೂ ಬೆರೆಸಿದ ತೊಟ್ಟಿಯಲ್ಲಿ ಮೀನನ್ನು ಮುಳುಗಿಸಿಟ್ಟು, ಅದರ ದಪ್ಪ ಭಾಗಕ್ಕೆ ಥರ್ಮಾಮೀಟರಿನ ಸೂಜಿ ಚುಚ್ಚಿ ನೋಡಿ, ಒಳಗಿನ ಉಷ್ಣತೆ 2 ಡಿಗ್ರಿಗೆ ಇಳಿದ ಮೇಲಷ್ಟೇ ಹೊರತೆಗೆಯುತ್ತಾರೆ. ಬಂಗಡೆ ಬೇಗ ತಣ್ಣಗಾಗುತ್ತದೆ, ಇಡೀ ಇಸ್ವಾಣಕ್ಕೆ (ಅಂಜಲ್ ಎಂದೂ ಕರೆಯುವ ದೊಡ್ಡ ಮೀನು) ಬಹಳ ಹೊತ್ತು ಹಿಡಿಯುತ್ತದೆ. ಹೀಗಾಗಿ ಸಂಜೆಯ ಬಸ್ಸಿಗೆ ಕಳಿಸುವವರು ಮಧ್ಯಾಹ್ನಕ್ಕೂ ಮುಂಚೆ ಮೀನು ತಂದುಕೊಡಬೇಕೆಂದು ಕೇಳಿಕೊಳ್ಳುತ್ತಾರೆ. ಕಾಯುವುದು ಬೇಸರವೆನಿಸಬಹುದು, ಆದರೆ ಇಡೀ ಸೇವೆಯಲ್ಲಿ ಬೆಲೆ ಕೊಡಬೇಕಾದ ಭಾಗವೆಂದರೆ ಇದೇ ಎಂದು ನನ್ನ ಅಭಿಪ್ರಾಯ.

ಏಕೆಂದರೆ ಲೆಕ್ಕ ಸರಳವಾಗಿದೆ. 1 ಕಿಲೊ ಮಂಜುಗಡ್ಡೆ ಕರಗಿ ನೀರಾಗುವಾಗ ಸುಮಾರು 334 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. ಮಾರುಕಟ್ಟೆಯ ಹಲಗೆಯ ಮೇಲೆ 28 ಡಿಗ್ರಿಯಲ್ಲಿ ಬಿದ್ದಿದ್ದ 5 ಕಿಲೊ ಮೀನನ್ನು 0 ಡಿಗ್ರಿಗೆ ತರುವುದಕ್ಕೇ ಹೆಚ್ಚುಕಡಿಮೆ ಒಂದೂವರೆ ಕಿಲೊ ಮಂಜುಗಡ್ಡೆ ಕರಗಿಹೋಗುತ್ತದೆ. ಮೀನನ್ನು ಮೊದಲೇ ತಣಿಸದೆ ತುಂಬಿದರೆ, ದಾರಿಯ ಖರ್ಚಿಗೆಂದು ಇಟ್ಟ ಮಂಜುಗಡ್ಡೆಯಲ್ಲಿ ಅಷ್ಟು ಪಾಲು ಬಸ್ಸು ಅಂಕೋಲಾ ದಾಟುವ ಮೊದಲೇ ಮುಗಿಯುವ ಹಾದಿ ಹಿಡಿದಿರುತ್ತದೆ. ಇನ್ನು ಡಬ್ಬಿಯ ಗೋಡೆಯ ಮೂಲಕ ಒಳಬರುವ ಶಾಖ. ಅರ್ಧ ಚದರ ಮೀಟರ್ ಮೇಲ್ಮೈಯುಳ್ಳ, 25 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಡಬ್ಬಿಯನ್ನು 30 ಡಿಗ್ರಿ ಸೆಕೆಯಲ್ಲಿ 14 ತಾಸು ಇಟ್ಟರೆ ಸುಮಾರು 3 ಕಿಲೊ ಮಂಜುಗಡ್ಡೆ ಕರಗುತ್ತದೆ. ಅದೇ ಗೋಡೆ 50 ಮಿಲಿಮೀಟರ್ ದಪ್ಪವಿದ್ದರೆ ಕರಗುವುದು ಅದರ ಅರ್ಧದಷ್ಟು ಮಾತ್ರ. ಮೀನಿನಷ್ಟೇ ತೂಕದ ಮಂಜುಗಡ್ಡೆ ಹಾಕಬೇಕು ಎಂದು ಬಂದರಿನಲ್ಲಿ ಹಿಂದಿನಿಂದ ಹೇಳಿಕೊಂಡು ಬಂದ ಮಾತು ಇಂಥ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಈ ಅಂಗಡಿಯವರು ದಪ್ಪ ಗೋಡೆಯ ಡಬ್ಬಿಯನ್ನೇ ಬಳಸುತ್ತಾರೆ, ಮೀನನ್ನೂ ಮಂಜುಗಡ್ಡೆಯನ್ನೂ ಬೇರೆಬೇರೆಯಾಗಿ ತೂಗಿ ಚೀಟಿಯಲ್ಲಿ ಬರೆದುಕೊಡುತ್ತಾರೆ.

ತುಂಬುವ ಕ್ರಮವೂ ಒಪ್ಪುವಂಥದೇ. ಗಡ್ಡೆ ಗಡ್ಡೆಯಾದ ಐಸನ್ನು ಹಾಕುವುದಿಲ್ಲ, ಪುಡಿಯನ್ನೇ ಹಾಕುತ್ತಾರೆ. ಪುಡಿಯಾದರೆ ಮೀನಿನ ಮೈಗೆ ಎಲ್ಲ ಕಡೆಯಿಂದಲೂ ತಾಗುತ್ತದೆ, ನಡುವೆ ಗಾಳಿಯ ಪೊಳ್ಳು ಉಳಿಯುವುದಿಲ್ಲ. ಕತ್ತರಿಸಿದ ತುಂಡುಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದರ ಕೆಳಗೆ, ಸುತ್ತ, ಮೇಲೆ ಮಂಜುಗಡ್ಡೆ ತುಂಬಿ, ಇಡೀ ಡಬ್ಬಿಗೆ ಒಳಗಿನಿಂದ ಇನ್ನೊಂದು ದೊಡ್ಡ ಚೀಲವನ್ನು ಹಾಸಿ ಬಾಯಿ ಬಿಗಿಯುತ್ತಾರೆ. ಇದರಿಂದ ಎರಡು ಲಾಭ: ತುಂಡುಗಳು ಕರಗಿದ ನೀರಿನಲ್ಲಿ ನೆನೆದು ರುಚಿ ಕಳೆದುಕೊಳ್ಳುವುದಿಲ್ಲ, ಬಸ್ಸಿನ ಡಿಕ್ಕಿಯಲ್ಲಿ ಪರರ ಸಾಮಾನಿನ ಮೇಲೆ ಮೀನಿನ ನೀರು ಸೋರುವುದಿಲ್ಲ. ಸೋರುವ ಡಬ್ಬಿಯನ್ನು ನಿರ್ವಾಹಕರು ನಡುದಾರಿಯಲ್ಲಿ ಇಳಿಸಿದರೆ ಅವರನ್ನು ದೂರುವಂತಿಲ್ಲ.

ಹಣ ಹೆಚ್ಚು ಕೊಟ್ಟರೆ ಮಂಜುಗಡ್ಡೆಯ ಬದಲು ಜೆಲ್ ಪ್ಯಾಕ್ ಹಾಕಿಕೊಡುತ್ತಾರೆ. ಅದು ಬೇಕಾಗಿಲ್ಲ ಎನ್ನುತ್ತೇನೆ. ಜೆಲ್ಲಿನ ಬಹುಪಾಲು ನೀರೇ ಆಗಿರುವುದರಿಂದ ಅದೇ ತೂಕದ ಮಂಜುಗಡ್ಡೆಗಿಂತ ಹೆಚ್ಚು ಶಾಖವನ್ನು ಅದು ಹೀರಲಾರದು. ಸೋರುವುದಿಲ್ಲ ಎಂಬುದೊಂದೇ ಅನುಕೂಲ. ಒಣ ಐಸು, ಎಂದರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್, ಇವರಲ್ಲಿ ಇಲ್ಲ. ಒಂದು ರಾತ್ರಿಯ ಪ್ರಯಾಣಕ್ಕೆ ಅದರ ಅಗತ್ಯವೂ ಇಲ್ಲ. ಮೈನಸ್ 78 ಡಿಗ್ರಿಯ ಆ ವಸ್ತು ತಾಗಿದ ಕಡೆ ಹಸಿ ಮೀನಿನ ಮಾಂಸ ಹೆಪ್ಪುಗಟ್ಟಿ ಒಣಗುತ್ತದೆ, ಅದರಿಂದ ಹೊರಡುವ ಅನಿಲಕ್ಕೆ ದಾರಿ ಬಿಡದೆ ಡಬ್ಬಿಯನ್ನು ಬಿಗಿದರೆ ಡಬ್ಬಿಯೇ ಒಡೆಯಬಹುದು.

ಬಂಗಡೆಯ ವಿಷಯದಲ್ಲಿ ಇವರು ತೋರುವ ಕಟ್ಟುನಿಟ್ಟು ನನಗೆ ವಿಶೇಷವಾಗಿ ಮೆಚ್ಚುಗೆಯಾಯಿತು. ಬಂಗಡೆ, ಗೆದರೆಯಂಥ (ಟ್ಯೂನಾ) ಮೀನುಗಳು ಬೆಚ್ಚಗಾದಾಗ ಅವುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಉಂಟಾಗುತ್ತದೆ; ಒಮ್ಮೆ ಉಂಟಾದ ಮೇಲೆ ಎಷ್ಟು ಕುದಿಸಿದರೂ, ಎಷ್ಟು ಗರಿಗರಿಯಾಗಿ ಹುರಿದರೂ ಅದು ಹೋಗುವುದಿಲ್ಲ, ಫ್ರಿಜ್ಜಿನಲ್ಲಿ ಮತ್ತೆ ತಣಿಸಿದರೂ ಹೋಗುವುದಿಲ್ಲ. ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆ ನೋಯುವುದನ್ನು ಜನ ಮೀನಿನ ಅಲರ್ಜಿಯೆಂದು ಭಾವಿಸುತ್ತಾರೆ, ಹಲವು ಸಲ ಅದಕ್ಕೆ ಕಾರಣ ತಂಪು ತಪ್ಪಿದ್ದು. ಬಿಸಿಲಿನಲ್ಲಿ ಬಹಳ ಹೊತ್ತು ಇದ್ದಂತೆ ಕಂಡ ಬಂಗಡೆಯನ್ನು ಅಂಗಡಿಯವರು ನನ್ನ ಎದುರಿಗೇ ಒಬ್ಬ ಗಿರಾಕಿಗೆ ಹಿಂದಿರುಗಿಸಿದರು. ವ್ಯಾಪಾರ ಬಿಟ್ಟುಕೊಟ್ಟು ಹಾಗೆ ಹೇಳುವವರು ಸಿಗುವುದು ಕಷ್ಟ.

ಶೆಟ್ಲಿಯನ್ನು (ಸಿಗಡಿ) ತಲೆ ತೆಗೆದೇ ಕಳಿಸಿ ಎಂದು ಅವರು ಕೊಡುವ ಸಲಹೆಯೂ ಸರಿಯಾದದ್ದು; ತಲೆ ಇದ್ದರೆ ಚಿಪ್ಪು ಬೇಗ ಕಪ್ಪಾಗುತ್ತದೆ.

ಎರಡು ವಿಷಯಗಳಲ್ಲಿ ಇವರು ತಿದ್ದಿಕೊಳ್ಳಬೇಕು. ಒಂದು, ಕೇಳಿದವರಿಗೆ ಹಸಿ ಮೀನನ್ನು ಗಾಳಿ ತೆಗೆದ ಚೀಲದಲ್ಲಿ ಮುಚ್ಚಿಕೊಡುತ್ತಾರೆ, ಆದರೆ ಅದನ್ನು ಹೇಗೆ ಇಡಬೇಕೆಂಬ ಎಚ್ಚರಿಕೆಯನ್ನು ಚೀಲದ ಮೇಲೆ ಬರೆಯುವುದಿಲ್ಲ. ಗಾಳಿಯಿಲ್ಲದ ಕಡೆ ಬೆಳೆದು ವಿಷ ಬಿಡುವ ಬಾಟುಲಿಸಂ ಬ್ಯಾಕ್ಟೀರಿಯಾದ ಒಂದು ಬಗೆ 4 ಡಿಗ್ರಿಯಷ್ಟು ತಂಪಿನಲ್ಲೂ ಬೆಳೆಯಬಲ್ಲದು, ಮನೆಯ ಫ್ರಿಜ್ಜುಗಳು ಸಾಮಾನ್ಯವಾಗಿ ಇರುವುದೇ ಆ ಮಟ್ಟದಲ್ಲಿ. ಚೀಲ ತಲುಪಿದ ಕೂಡಲೇ ಕತ್ತರಿಸಿ ತೆರೆಯಬೇಕು, ಇಲ್ಲವೆ ಫ್ರೀಜರಿಗೆ ಹಾಕಬೇಕು ಎಂಬ ಒಂದು ಸಾಲನ್ನು ಅಂಟಿಸಿದರೆ ಸಾಕು. ನಾನಂತೂ ಆ ಬಗೆಯ ಚೀಲವನ್ನು ಬೇಡವೆಂದೇ ಹೇಳುತ್ತೇನೆ. ಇನ್ನೊಂದು, ಕಾಳಿ ನದಿಯ ತಿಸ್ರೆ ಎಂಬ ಚಿಪ್ಪಿಯನ್ನೂ ಮೀನಿನ ಹಾಗೆಯೇ ಬಿಗಿದು ಕಟ್ಟುತ್ತಾರೆ. ಜೀವಂತ ಚಿಪ್ಪಿಗೆ ಗಾಳಿ ಬೇಕು. ಕರಗಿದ ಐಸಿನ ಸಿಹಿನೀರಿನಲ್ಲಿ ಮುಳುಗಿದರೆ ಅದು ಸಾಯುತ್ತದೆ, ಸತ್ತ ಚಿಪ್ಪಿಯನ್ನು ತಿನ್ನಬಾರದು. ಒದ್ದೆ ಗೋಣಿಯಲ್ಲಿ ಸುತ್ತಿ, ಮಂಜುಗಡ್ಡೆ ನೇರವಾಗಿ ತಾಗದಂತೆ ಇಟ್ಟು, ಡಬ್ಬಿಗೆ ತೂತು ಬಿಟ್ಟು ಕಳಿಸಬೇಕು. ಅದನ್ನು ಅವರು ಕಲಿಯುವವರೆಗೆ ತಿಸ್ರೆಯನ್ನು ಇಲ್ಲಿಂದ ಕಳಿಸದಿರುವುದು ಒಳ್ಳೆಯದು.

ಸಾಗಣೆಯ ವಿಷಯದಲ್ಲಿ ಅವರ ಕೈಯಲ್ಲಿರುವುದು ಕಡಿಮೆ. ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿಯ ಮೇಲೆ ಹೋಗುವ ರಾತ್ರಿ ಬಸ್ಸುಗಳಲ್ಲಿ ಡಬ್ಬಿಯನ್ನು ಹಿಂದಿನ ಎಂಜಿನ್ನಿನ ಬದಿಗೆ ಇಡದೆ ಮುಂಭಾಗದ ಡಿಕ್ಕಿಯಲ್ಲಿ ಇಡಿಸುತ್ತಾರೆ, ಬಸ್ಸಿನ ಸಂಖ್ಯೆಯನ್ನು ಫೋನಿಗೆ ಕಳಿಸುತ್ತಾರೆ. ಜೋರು ಮಳೆಯಲ್ಲಿ ಘಟ್ಟ ಯಾವಾಗ ಮುಚ್ಚುತ್ತದೆಂದು ಹೇಳಲಾಗದು. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ 66 ಬಂದಾದದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಮಳೆಗಾಲದಲ್ಲಿ ಕಳಿಸುವವರು ಇನ್ನೂ ಒಂದೆರಡು ಕಿಲೊ ಮಂಜುಗಡ್ಡೆಯನ್ನು ಕೇಳಿ ಹಾಕಿಸಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲವಾದ್ದರಿಂದ, ಆ ದಿನಗಳಲ್ಲಿ ಮಾರುಕಟ್ಟೆಗೆ ಹೊರಗಿನಿಂದ ಐಸಿನಲ್ಲಿ ಬಂದ ಮೀನೂ ಇರುತ್ತದೆ. ಆಗಲೇ ಹಲವು ದಿನ ಪ್ರಯಾಣ ಮಾಡಿ ಬಂದ ಮೀನನ್ನು ಮತ್ತೊಂದು ರಾತ್ರಿಯ ದಾರಿಗೆ ಹಾಕುವುದು ಬೇಡವೆಂದು ಅಂಗಡಿಯವರೇ ಹೇಳುತ್ತಾರೆ.

ಬೇಸಿಗೆಯಲ್ಲಿ ಕಳಿಸಿದ ಇಸ್ವಾಣದ ಡಬ್ಬಿಯನ್ನು ಬೆಂಗಳೂರಿನಲ್ಲಿ ತೆರೆದಾಗ ಮಂಜುಗಡ್ಡೆ ಇನ್ನೂ ಸಾಕಷ್ಟು ಉಳಿದಿತ್ತು, ತುಂಡಿಗೆ ಸೂಜಿ ಚುಚ್ಚಿ ನೋಡಿದರೆ 3 ಡಿಗ್ರಿಗಿಂತ ಕಡಿಮೆ ಇತ್ತು. ಒಂದು ರಾತ್ರಿಯ ದಾರಿಗೆ ಇಸ್ವಾಣ, ಪಾಂಪ್ಲೆಟ್, ಬಂಗಡೆ, ಶೆಟ್ಲಿ ಕಳಿಸುವವರು ಈ ಅಂಗಡಿಯನ್ನು ನಂಬಬಹುದು; ಅದಕ್ಕಿಂತ ದೂರಕ್ಕೆ ಇವರು ಒಪ್ಪುವುದೂ ಇಲ್ಲ. ಡಬ್ಬಿಯನ್ನು ಎಷ್ಟು ಗಂಟೆಗೆ ಮುಚ್ಚಿದರು ಎಂಬುದನ್ನು ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ ಎಂದು ಕೇಳಿದ್ದೇನೆ. ಬಸ್ಸು ತಡವಾದ ದಿನ, ಡಬ್ಬಿ ತೆರೆದವರು ಮೀನನ್ನು ಇಟ್ಟುಕೊಳ್ಳುವುದೋ ಎಸೆಯುವುದೋ ಎಂದು ತೀರ್ಮಾನಿಸಲು ಆ ಒಂದು ಸಮಯ ಗೊತ್ತಿರಬೇಕು.