ಮಣ್ಣಿನ ಚೀಟಿಯಲ್ಲಿ ಕಬ್ಬಿಣದ ಸಾಲು

ಮಲೇಬೆನ್ನೂರು ಕಡೆ ನಮ್ಮದು ಎರಡೆಕರೆ ಭತ್ತದ ಗದ್ದೆ, ಭದ್ರಾ ನಾಲೆ ನೀರು. ಕೊಯ್ಲಾದ ಮೇಲೆ ಹತ್ತು ಕಡೆ ಆರಿಂಚು ಅಗೆದು, ನೆರಳಲ್ಲಿ ಒಣಗಿಸಿದ ಅರ್ಧ ಕೆಜಿ ಮಣ್ಣನ್ನು ಪರೀಕ್ಷೆಗೆಂದು ದಾವಣಗೆರೆಯ ಒಂದು ಲ್ಯಾಬಿಗೆ ಕೊಟ್ಟೆ. "ತುಕ್ಕು ಹಿಡಿದ ಸಲಿಕೆ ಮುಟ್ಟಿಸಿಲ್ಲ ತಾನೆ?" ಅಂತ ಅಲ್ಲಿನ ಮೇಡಂ ಮೊದಲೇ ಕೇಳಿದ್ದು ಇಷ್ಟವಾಯಿತು. ತುಕ್ಕು ಸೇರಿದರೆ ಕಬ್ಬಿಣದ ಲೆಕ್ಕವೇ ಕೆಡುತ್ತದೆ.

ಫಲಿತಾಂಶದ ಚೀಟಿಯಲ್ಲಿ ಸಾವಯವ ಇಂಗಾಲ, ಅಂದರೆ ಕೊಳೆತ ಗಿಡ, ಗೊಬ್ಬರದಿಂದ ಮಣ್ಣಲ್ಲಿ ಉಳಿದ ಇಂಗಾಲ, ಶೇ 0.46 ಬಂತು. 0.5ರ ಒಳಗಿದ್ದರೆ ಕಡಿಮೆ ಎಂದೇ ಲೆಕ್ಕ. ವರ್ಷಾ ವರ್ಷ ಕೊಟ್ಟಿಗೆ ಗೊಬ್ಬರ ಹಾಕಿದರೂ ಯಾಕೆ ಮೇಡಂ ಎಂದೆ. ಒಂದೇ ಕಾರಣ ಇರಲ್ಲ ಎನ್ನುತ್ತಲೇ ಹಾಳೆ ಮೇಲೆ ಚಿತ್ರ ಬರೆದರು. ಇಂಗಾಲದ ಒಂದು ಪಾಲು ತುಕ್ಕಿನಂಥ ಕಬ್ಬಿಣಕ್ಕೆ ಅಂಟಿಕೊಂಡು ಉಳಿದಿರುತ್ತದೆ. ನೀರು ನಿಂತರೆ ಕೊಳೆಯುವುದು ನಿಧಾನ, ನಿಜ. ಆದರೆ ಗಾಳಿಯಾಡದ ಆ ಕೆಸರಲ್ಲಿ ಜಿಯೋಬ್ಯಾಕ್ಟರ್‌ನಂಥ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಕಬ್ಬಿಣವನ್ನೇ ಉಸಿರಾಟಕ್ಕೆ ಬಳಸುತ್ತವೆ. ಕಬ್ಬಿಣ ಕರಗುತ್ತದೆ, ಅದು ಹಿಡಿದಿಟ್ಟ ಇಂಗಾಲ ಸಡಿಲವಾಗಿ ಕಳೆದುಹೋಗಬಹುದು. ನೀರು ಬಸಿದರೆ ಮತ್ತೆ ತುಕ್ಕು. ಭತ್ತದ ಬೇರಿನ ಕೆಂಪು ಲೇಪವೂ ಕಬ್ಬಿಣವೇ ಅಂತೆ! ಮೂವತ್ತು ವರ್ಷ ಕಿತ್ತು ನೋಡಿದ್ದೇನೆ, ಯಾರೂ ಹೇಳಿರಲಿಲ್ಲ.

ಚೀಟಿಗೆ ಹದಿನೆಂಟು ದಿನ ಕಾಯಿಸಿದರು, ಅದು ಜಾಸ್ತಿ. ಒಣಗಿಸಿದ ಮಣ್ಣು ನೀರು ನಿಂತ ಗದ್ದೆಯ ಕಬ್ಬಿಣವನ್ನು ಪೂರ್ತಿ ತೋರಿಸಲ್ಲ ಎಂಬ ಮಾತನ್ನು ಅದರಲ್ಲೇ ಅಚ್ಚು ಹಾಕಬೇಕು. ಮುಂಗಾರು ನಾಟಿಗೆ ಮುಂಚೆ ಮತ್ತೆ ಅಲ್ಲೇ ಕೊಡುತ್ತೇನೆ.