ಗಡಿ ದಾಟಿ ಬಂದ ಬೈಕಿಗೆ ರಿಕಾಲ್ ಮೆಸೇಜ್ ಬರುವುದಿಲ್ಲ: ಕೆಲವು ವರ್ಷ ಓಡಿಸಿದವನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಬೈಕ್ ಒಳ್ಳೆಯದು. ಇಂಜಿನ್‌ನಲ್ಲಿ ಒಂದು ದೂರೂ ಇಲ್ಲ. ಮೈಲೇಜ್ ಚೆನ್ನಾಗಿದೆ, ಹಿಂದೆ ಒಂದು ಗೋಣಿ ಅಡಿಕೆ ಕಟ್ಟಿಕೊಂಡರೂ ಚಡಾವು ಹತ್ತುತ್ತದೆ. ಆದರೆ ಇದರ ಮುಂದಿನ ಬ್ರೇಕಿನಲ್ಲಿ ದೋಷ ಇತ್ತು. ಕಂಪನಿ ಅದನ್ನು ಒಪ್ಪಿಕೊಂಡು ಗಾಡಿಗಳನ್ನು ವಾಪಸ್ ಕರೆದು ಸರಿ ಮಾಡಿಕೊಟ್ಟಿತು, ಇದಕ್ಕೇ ರಿಕಾಲ್ ಅನ್ನುವುದು. ಅದು ಸರಿ. ನನಗೆ ಸಿಟ್ಟು ಬಂದದ್ದು ಆ ಸುದ್ದಿ ನನ್ನಂಥವರಿಗೆ ಮುಟ್ಟದ ರೀತಿಗೆ.

ಇದು 150-160 ಸಿಸಿ ವರ್ಗದ ಬೈಕ್. ಮುಂದೆ ಡಿಸ್ಕ್, ಸಿಂಗಲ್ ಚಾನೆಲ್ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಮುಂದಿನ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಹಿಂದೆ ಡ್ರಮ್. ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬೈಕ್ ಗಡಿಯಾಚೆ ಕರ್ನಾಟಕದ ಪುತ್ತೂರಿನ ಸಂಬಂಧಿಕರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಆಗ ಕೆಎ 21 ನಂಬರ್ ಇತ್ತು. ಆಮೇಲೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಕೇರಳದ ತೆರಿಗೆ ಕಟ್ಟಿ, ಕೆಎಲ್ 14 ಮಾಡಿಸಿದೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಹೊಸ ನಂಬರ್ ಮಾಡಿಸಲೇಬೇಕು. ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ಹೀಗೆ ಮಂಗಳೂರಿನಿಂದಲೋ ಪುತ್ತೂರಿನಿಂದಲೋ ಬಂದ ಗಾಡಿ ಇರುತ್ತದೆ ಅಲ್ವಾ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ದಿನದ ಓಡಾಟ ಪೆರ್ಲ, ಬದಿಯಡ್ಕ, ಕುಂಬಳೆ, ಕಾಸರಗೋಡು. ಒಳಗಿನ ರಸ್ತೆ ಪೂರ್ತಿ ತಿರುವು, ಇಳಿಜಾರು. ಆಟಿ ತಿಂಗಳ ಮಳೆಯಲ್ಲಿ ಗುಡ್ಡೆಯ ಕೆಂಪು ಮಣ್ಣು ತೊಳೆದುಕೊಂಡು ರಸ್ತೆಗೇ ಬರುತ್ತದೆ. ಕುಂಬಳೆಗೆ ಇಳಿದರೆ 66ನೇ ಹೆದ್ದಾರಿಯ ಸರ್ವಿಸ್ ರೋಡು, ಅಲ್ಲಿ ಯಾವ ಕಡೆಯಿಂದ ಯಾವ ಗಾಡಿ ನುಗ್ಗುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಇಂಥ ಕಡೆ ಬ್ರೇಕ್ ಲಿವರ್ ಕೈಯಲ್ಲಿ ಸ್ವಲ್ಪ ಬೇರೆ ಥರ ಅನಿಸಿದರೂ ಗೊತ್ತಾಗುತ್ತದೆ.

ನನಗೆ ಗೊತ್ತಾದದ್ದು ಹೀಗೆ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದೇ ಇಳಿಯುವಾಗ ಲಿವರ್ ನಿಧಾನವಾಗಿ ಹ್ಯಾಂಡಲ್ ಕಡೆಗೆ ಹೋಗುತ್ತಿತ್ತು. ಬಿಟ್ಟು ಮತ್ತೊಮ್ಮೆ ಒತ್ತಿದರೆ ಗಟ್ಟಿ. ಪುನಃ ಒತ್ತಿ ಹಿಡಿದರೆ ಪುನಃ ಇಳಿಯುತ್ತದೆ. ಊರಿನ ಮೆಕ್ಯಾನಿಕ್ ಪ್ಯಾಡ್ ಸವೆದಿದೆ ಎಂದು ಹೊಸದು ಹಾಕಿದರು. ಬ್ರೇಕ್ ಆಯಿಲ್ ಬದಲಿಸಿ, ಅದರೊಳಗಿನ ಗಾಳಿ ತೆಗೆದು ಕೊಟ್ಟರು. ಸ್ವಲ್ಪ ದಿನ ಚೆನ್ನಾಗಿತ್ತು, ಆಮೇಲೆ ಅದೇ ಕತೆ. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಎಲ್ಲಿಯೂ ಆಯಿಲ್ ಸೋರುತ್ತಿರಲಿಲ್ಲ, ಡಬ್ಬಿಯಲ್ಲಿ ಲೆವೆಲ್ ಕಡಿಮೆ ಆಗುತ್ತಿರಲಿಲ್ಲ, ಹೊರಗಿನಿಂದ ನೋಡಿದರೆ ಯಾವ ದೋಷವೂ ಕಾಣುತ್ತಿರಲಿಲ್ಲ.

ದೋಷ ಇದ್ದದ್ದು ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರ್ ಒಳಗೆ. ಲಿವರ್ ಒತ್ತಿದಾಗ ಅದರೊಳಗಿನ ಪಿಸ್ಟನ್ ಆಯಿಲನ್ನು ತಳ್ಳುತ್ತದೆ, ಆ ಒತ್ತಡ ಹೋಸ್ ಮೂಲಕ ಕೆಳಗಿನ ಕ್ಯಾಲಿಪರ್‌ಗೆ ಹೋಗಿ ಪ್ಯಾಡ್‌ಗಳು ಡಿಸ್ಕನ್ನು ಹಿಡಿಯುತ್ತವೆ. ಪಿಸ್ಟನ್ ಸುತ್ತ ಒಂದು ರಬ್ಬರ್ ಕಪ್ ಇದೆ. ಅದು ಸರಿಯಾಗಿ ಕೂರದಿದ್ದರೆ ಆಯಿಲ್ ಮುಂದಕ್ಕೆ ಹೋಗುವ ಬದಲು ಅದರ ಪಕ್ಕದಿಂದ ಹಿಂದಕ್ಕೇ ಜಾರಿಕೊಳ್ಳುತ್ತದೆ. ಆದ್ದರಿಂದ ಒಂದು ಹನಿಯೂ ಹೊರಗೆ ಬರುವುದಿಲ್ಲ, ಆದರೆ ಒತ್ತಡ ನಿಲ್ಲುವುದಿಲ್ಲ. ಎಬಿಎಸ್ ಇದೆಯಲ್ಲ ಅಂತ ಕೆಲವರು ಕೇಳಿದರು. ಎಬಿಎಸ್ ಚಕ್ರ ಲಾಕ್ ಆಗದಂತೆ ಒತ್ತಡವನ್ನು ಬಿಟ್ಟು ಹಿಡಿದು ಮಾಡುತ್ತದೆ, ಅಷ್ಟೇ. ಒತ್ತಡವೇ ಹುಟ್ಟದಿದ್ದರೆ ಅದು ಏನು ಮಾಡಲಿಕ್ಕೂ ಆಗುವುದಿಲ್ಲ.

ನೀವೂ ನೋಡಬಹುದು. ಇಂಜಿನ್ ಆಫ್ ಮಾಡಿ, ಗಾಡಿ ನಿಲ್ಲಿಸಿ, ಮುಂದಿನ ಲಿವರನ್ನು ಗಟ್ಟಿಯಾಗಿ ಒತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿಯಿರಿ. ನಿಂತಲ್ಲೇ ನಿಂತರೆ ಸರಿ. ಮೆಲ್ಲ ಒಳಗೆ ಇಳಿಯುತ್ತಾ ಹೋದರೆ, ಎಲ್ಲಿಯೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ ಪಡಲೇಬೇಕು. ಮೊದಲ ಒತ್ತಿಗೇ ಸ್ಪಂಜಿನ ಹಾಗೆ ಮೆತ್ತಗೆ ಇದ್ದು, ಪಂಪ್ ಮಾಡಿದ ಮೇಲೆ ಗಟ್ಟಿಯಾದರೆ ಸಾಮಾನ್ಯವಾಗಿ ಒಳಗೆ ಗಾಳಿ ಸೇರಿರುತ್ತದೆ, ಅದು ಬೇರೆ ವಿಷಯ.

ಇನ್ನು ರಿಕಾಲ್ ಕತೆ. ವಿಟ್ಲದ ಗೆಳೆಯನೊಬ್ಬನದ್ದು ಇದೇ ಮಾಡೆಲ್. ಅವನಿಗೆ ಕಂಪನಿಯಿಂದ ಮೆಸೇಜ್ ಬಂತು, ನನಗೆ ಬರಲಿಲ್ಲ. ಕಾರಣ ಸರಳ. ಕಂಪನಿಯ ಪಟ್ಟಿಯಲ್ಲಿ ಇರುವುದು ಶೋರೂಮಿನಲ್ಲಿ ಮೊದಲು ಕೊಂಡವರ ಮೊಬೈಲ್ ನಂಬರ್. ಅವರು ಆ ನಂಬರ್ ಬಿಟ್ಟು ಎಷ್ಟೋ ಕಾಲ ಆಗಿತ್ತು. ಆರ್‌ಸಿಯಲ್ಲಿ ನನ್ನ ಹೆಸರು, ನನ್ನ ವಿಳಾಸ, ಹೊಸ ಕೆಎಲ್ ನಂಬರ್ ಎಲ್ಲವೂ ಇದೆ, ಆದರೆ ಕಂಪನಿ ಹಳೆಯ ಫೋನ್ ನಂಬರಿಗೆ ಮೆಸೇಜ್ ಕಳಿಸಿ ಸುಮ್ಮನಾಯಿತು. ನಂಬರ್ ಪ್ಲೇಟ್ ಬದಲಾದರೂ ಚಾಸಿಸ್ ನಂಬರ್ ಬದಲಾಗುವುದಿಲ್ಲ, ಗಾಡಿ ಸ್ಕ್ರ್ಯಾಪ್ ಆಗುವವರೆಗೂ ಆ 17 ಅಕ್ಷರ-ಅಂಕೆ ಅದೇ. ಗೆಳೆಯ ಹೇಳಿದ ಮೇಲೆ ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ನನ್ನ ಗಾಡಿಯೂ ಪಟ್ಟಿಯಲ್ಲಿತ್ತು.

ಹತ್ತಿರದ ಸರ್ವಿಸ್ ಸೆಂಟರಿಗೆ ಹೋದರೆ, ಇದು ಕರ್ನಾಟಕದಲ್ಲಿ ಮಾರಿದ ಗಾಡಿ, ಅಲ್ಲಿಯೇ ಮಾಡಿಸಿ ಅಂದರು. ರಿಕಾಲ್‌ಗೆ ರಾಜ್ಯದ ಗಡಿ ಎಲ್ಲಿಂದ ಬಂತು? ಅಲ್ಲಿಯೇ ನಿಂತು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ, ಯಾವ ಸೆಂಟರಿನಲ್ಲಾದರೂ ಮಾಡಿಸಬಹುದು ಅಂತ ಅವರ ಬಾಯಿಂದಲೇ ಹೇಳಿಸಿ, ದೂರು ನಂಬರ್ ತೆಗೆದುಕೊಂಡೆ. ಆಮೇಲೆ ಪಾರ್ಟ್ ತರಿಸಿದರು. ಕೆಲಸಕ್ಕೆ ಒಂದು ಬೆಳಿಗ್ಗೆ ಸಾಕಾಯಿತು. ಪಾರ್ಟ್‌ಗೂ ಲೇಬರ್‌ಗೂ ದುಡ್ಡು ತೆಗೆದುಕೊಳ್ಳಲಿಲ್ಲ. ವಾರಂಟಿ ಮುಗಿದಿತ್ತು, ನಾನು ಎರಡನೇ ಮಾಲೀಕ, ಎರಡೂ ಅಡ್ಡ ಬರಲಿಲ್ಲ.

ಇಂಥ ದೋಷ ಅಪರೂಪವೂ ಅಲ್ಲ. 2019ರಲ್ಲಿ ರಾಯಲ್ ಎನ್‌ಫೀಲ್ಡ್ ಬ್ರೇಕ್ ಕ್ಯಾಲಿಪರ್ ಬೋಲ್ಟ್ ಸಲುವಾಗಿ ಸುಮಾರು 7,000 ಬುಲೆಟ್‌ಗಳನ್ನು ವಾಪಸ್ ಕರೆಯಿತು. 2021ರ ಡಿಸೆಂಬರ್‌ನಲ್ಲಿ ಹಿಂದಿನ ಬ್ರೇಕಿನ ಒಂದು ಬ್ರಾಕೆಟ್ ಸಲುವಾಗಿ 26,300 ಕ್ಲಾಸಿಕ್ 350 ಗಾಡಿಗಳನ್ನು ಕರೆಯಿತು. 2024ರ ಫೆಬ್ರವರಿಯಲ್ಲಿ ಯಮಹಾ ಬ್ರೇಕ್ ಲಿವರ್ ಸಲುವಾಗಿ ಸುಮಾರು 3 ಲಕ್ಷ ಸ್ಕೂಟರ್‌ಗಳನ್ನು ಕರೆಯಿತು. ನನ್ನದು ಇವು ಯಾವುದೂ ಅಲ್ಲ. ಕಂಪನಿ ತಾನಾಗಿ ಮುಂದೆ ಬಂದು ಹೇಳುವುದು ಒಳ್ಳೆಯ ಲಕ್ಷಣವೇ, ಅದಕ್ಕೆ ಅಂಕ ಕಳೆಯಬಾರದು. 2012ರಿಂದ ನಮ್ಮಲ್ಲಿ ಇದು ತಯಾರಕರೇ ಮಾಡಿಕೊಂಡ ನಿಯಮದ ಮೇಲೆ ನಡೆಯುತ್ತಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 110ಎ ಸೆಕ್ಷನ್ ಸೇರಿದ ಮೇಲೆ ಸರ್ಕಾರವೇ ರಿಕಾಲ್ ಆದೇಶ ಕೊಡಬಹುದು, 2021ರ ಏಪ್ರಿಲ್ 1ರಿಂದ ನಿಯಮಗಳೂ ಜಾರಿಯಲ್ಲಿವೆ. ದಂಡ 1 ಕೋಟಿ ರೂಪಾಯಿವರೆಗೆ ಇದೆ. ಆದರೆ ಮೆಸೇಜ್ ಮಾಲೀಕನಿಗೆ ಮುಟ್ಟದಿದ್ದರೆ ದಂಡದಿಂದ ಲಿವರ್ ಗಟ್ಟಿಯಾಗುವುದಿಲ್ಲ. ಗಾಡಿ ನೋಂದಣಿಯ ಸರ್ಕಾರಿ ದಾಖಲೆಯಾದ ‘ವಾಹನ್’ನಲ್ಲಿ ಈಗಿನ ಮಾಲೀಕ ಯಾರು ಅಂತ ಇದೆ. ಆ ವಿಳಾಸಕ್ಕೆ ಒಂದು ಕಾಗದ ಹಾಕುವುದು ಅಷ್ಟು ಕಷ್ಟದ ಕೆಲಸವಾ?

ಭಾಷೆಯದ್ದೂ ಒಂದು ಮಾತು ಇದೆ. ಗೆಳೆಯನಿಗೆ ಬಂದ ಮೆಸೇಜ್ ಇಂಗ್ಲಿಷಿನಲ್ಲಿತ್ತು. ನಮ್ಮ ಸರ್ವಿಸ್ ಸೆಂಟರಿನ ಬೋರ್ಡ್ ಮಲಯಾಳದಲ್ಲಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಶಾಲೆಯಲ್ಲೇ ಓದಿ, ಓದಲಿಕ್ಕೆ ಕನ್ನಡ ಮಾತ್ರ ಸಲೀಸಾದ ಹಿರಿಯರು ಎಷ್ಟು ಜನ ಇದ್ದಾರೆ! ಬ್ರೇಕ್ ವಿಷಯದ ಇಂಗ್ಲಿಷ್ ಎಸ್‌ಎಂಎಸ್ ಅವರಿಗೆ ಸಾಲದ ಜಾಹೀರಾತಿನ ನಡುವೆ ಕಳೆದುಹೋಗುತ್ತದೆ. ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗೆ ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಇದೆ. ಮಂಗಳೂರಿನಲ್ಲಿ ಕನ್ನಡದಲ್ಲಿ ಬೈಕ್ ಮಾರುವ ಕಂಪನಿ, ಅದೇ ಬೈಕಿನ ದೋಷವನ್ನು ಇಲ್ಲಿ ಕನ್ನಡದಲ್ಲಿ ಹೇಳಲಿ.

ಹೊಸ ಮಾಸ್ಟರ್ ಸಿಲಿಂಡರ್ ಹಾಕಿದ ಮೇಲೆ ಮಳೆಗಾಲಗಳು ಕಳೆದಿವೆ, ಲಿವರ್ ಒಮ್ಮೆಯೂ ಇಳಿದಿಲ್ಲ. ಬ್ರೇಕ್ ಆಯಿಲ್ ಮಾತ್ರ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಇದಕ್ಕೆ ಹಾಕುವ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸದರಲ್ಲಿ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ಇರಬೇಕಾದದ್ದು, ತೇವ ಸೇರಿದ ಮೇಲೆ 155ರ ಹತ್ತಿರಕ್ಕೂ ಬರಬಹುದು. ನಮ್ಮ ಕರಾವಳಿಯ ಹವೆಗೆ ಇದನ್ನು ಮುಂದೂಡಬೇಡಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಬೈಕಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ರಿಕಾಲ್ ಕೆಲಸಕ್ಕೂ ನಾಲ್ಕು. ರಿಕಾಲ್ ತಿಳಿಸಿದ ರೀತಿಗೆ ಒಂದೇ. ಹಳೆಯ ಗಾಡಿ ತೆಗೆದುಕೊಳ್ಳುವವರು ರಿಕಾಲ್ ಕೆಲಸದ ಜಾಬ್ ಕಾರ್ಡ್ (ಸರ್ವಿಸ್ ಸೆಂಟರ್ ಮಾಡಿದ ಕೆಲಸ ಬರೆದು ಕೊಡುವ ಚೀಟಿ) ಕೇಳಿ. ಮಾರುವವರ ಹತ್ತಿರ ಅದು ಇಲ್ಲದಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಚಾಸಿಸ್ ನಂಬರ್ ಹಾಕಿ ನೋಡಿ, ಮತ್ತೆ ಕಂಪನಿಗೆ ಫೋನ್ ಮಾಡಿ ನಿಮ್ಮ ಮೊಬೈಲ್ ನಂಬರನ್ನು ಆ ಚಾಸಿಸ್ ನಂಬರಿಗೆ ಸೇರಿಸಲಿಕ್ಕೆ ಹೇಳಿ.