ಬೆಹ್ರೆನ್ಸ್ ಕೆಲಸ ನೋಡಲು ಬರ್ಲಿನ್ನೋ, ಡಾರ್ಮ್‌ಸ್ಟಾಟ್ಟೋ?

ಜರ್ಮನಿಯಲ್ಲಿ ಒಂದೇ ದಿನ ಬಿಡುವಿದೆ, ಜರ್ಮನ್ ವಾಸ್ತುಶಿಲ್ಪಿ ಪೀಟರ್ ಬೆಹ್ರೆನ್ಸ್ ಕಟ್ಟಡ ನೋಡಬೇಕು ಅಂದ್ರೆ ಆಯ್ಕೆ ಎರಡು.

ಡಾರ್ಮ್‌ಸ್ಟಾಟ್‌ನಲ್ಲಿರುವುದು 1901ರಲ್ಲಿ ಅವರು ತಮಗಾಗಿ ಕಟ್ಟಿಕೊಂಡ ಮನೆ. ಅದೇ ಅವರ ಮೊದಲ ಕಟ್ಟಡ. ಓದಿದ್ದು ಚಿತ್ರಕಲೆ, ವಾಸ್ತುಶಿಲ್ಪ ಅಲ್ಲ! ಕುರ್ಚಿಯಿಂದ ಊಟದ ಚಮಚದವರೆಗೆ ಎಲ್ಲ ಅವರದೇ ವಿನ್ಯಾಸ. ಆದರೆ ಯುದ್ಧದಲ್ಲಿ ಒಳಗಿನದೆಲ್ಲ ಸುಟ್ಟುಹೋಯಿತು. ಈಗ ನೋಡಲು ಸಿಗುವುದು ಹೊರಗಿನ ಹಸಿರು ಮೆರುಗಿನ ಇಟ್ಟಿಗೆಯ ಅಂದ.

ಬರ್ಲಿನ್‌ನ ಮೋಆಬಿಟ್‌ನಲ್ಲಿರುವುದು ವಿದ್ಯುತ್ ಉಪಕರಣಗಳ ಕಂಪನಿ ಎಇಜಿಯ 1909ರ ಟರ್ಬೈನ್ ಕಾರ್ಖಾನೆ. ಇಂಜಿನಿಯರ್ ಕಾರ್ಲ್ ಬರ್ನ್‌ಹಾರ್ಡ್ ಜೊತೆ ಸೇರಿ ಮಾಡಿದ್ದು. ಉಕ್ಕು, ಗಾಜು, ಮೇಲೆ ಅವರೇ ಬರೆದ ಎಇಜಿ ಲಾಂಛನ. ಮೂಲೆಗಳ ದಪ್ಪ ಕಾಂಕ್ರೀಟ್ ಭಾರ ಹೊತ್ತಂತೆ ಕಾಣುತ್ತದೆ, ಅಷ್ಟೇ. ನಿಜವಾಗಿ ಹೊರುವುದು ಉಕ್ಕಿನ ಕಂಬಗಳು. ಸುಮ್ನೆ ಠೀವಿ ಅಲ್ವಾ? ಕಂಬದ ಬುಡದ ಕೀಲುಗಳನ್ನು ಮಾತ್ರ ಬೀದಿಯಲ್ಲೇ ನಿಂತು ನೋಡಬಹುದು. ಒಳಗೆ ಇಂದಿಗೂ ಕೆಲಸ ನಡೆಯುತ್ತದೆ, ಹಾಗಾಗಿ ಸುಲಭಕ್ಕೆ ಬಿಡುವುದಿಲ್ಲ.

ಅಲಂಕಾರ ಇಷ್ಟವಿದ್ದರೆ ಡಾರ್ಮ್‌ಸ್ಟಾಟ್. ಅಲ್ಲಿನ ಕಲಾವಿದರ ಬಡಾವಣೆ 2021ರಿಂದ ವಿಶ್ವ ಪರಂಪರೆಯ ತಾಣ, ಸುತ್ತಾಡಲು ಜಾಸ್ತಿ ಸಿಗುತ್ತದೆ. ನನ್ನ ಓಟು ಬರ್ಲಿನ್‌ಗೆ. ಮುಂದೆ ಆಧುನಿಕ ವಾಸ್ತುಶಿಲ್ಪದ ದಿಗ್ಗಜರಾದ ಗ್ರೋಪಿಯಸ್, ಮೀಸ್, ಲೆ ಕಾರ್ಬ್ಯೂಸಿಯೆ ಮೂವರೂ ಬೆಹ್ರೆನ್ಸ್ ಕಚೇರಿಯಲ್ಲಿ ದುಡಿದದ್ದು ಅವರು ಎಇಜಿಗೆ ಕೆಲಸ ಮಾಡುತ್ತಿದ್ದ ಆ ವರ್ಷಗಳಲ್ಲೇ.